ಮುಳ್ಳು ಹೇಳದ ಬಿಸಿ

ಭರತ ಹುಣ್ಣಿಮೆಯ ಜಾತ್ರೆಗೆ ಉಗರಗೋಳದಿಂದ ಎಲ್ಲಮ್ಮನ ಗುಡ್ಡವನ್ನೇರುವ ಮೋಟಾರುಗಳದು ಆಮೆಯ ನಡಿಗೆ. ಇಂಜಿನ್ನಿಗೆ ಏರಿನ ಭಾರ ಹೆಚ್ಚು, ಗಾಳಿಯ ತಂಪು ಕಡಿಮೆ. ಚಾಲಕನ ದೃಷ್ಟಿಯೆಲ್ಲ ಉಷ್ಣಮಾಪಕದ ಮುಳ್ಳಿನ ಮೇಲೆ. ಆದರೆ ಸಾಮಾನ್ಯವಾಗಿ ಆ ಮುಳ್ಳು ಬಲ್ಲುದು ನೀರಿನ ಬಿಸಿಯನ್ನು, ಲೋಹದ ಬಿಸಿಯನ್ನಲ್ಲ. ಕೊಳವೆಯೊಡೆದು ನೀರು ಸೋರಿಹೋದರೆ ಸೆನ್ಸರ್ ಬರಿಯ ಆವಿಯಲ್ಲಿ ನಿಂತು ಅಪಾಯವನ್ನು ಮರೆಮಾಚಬಹುದು.

ನೀರಿನ ಮಟ್ಟವನ್ನೇ ಕಾಯುವ ಸೆನ್ಸರ್ ಹೊಸದಲ್ಲ; ಕೆಲವು ಕಾರುಗಳಲ್ಲಿ ಉಂಟು. ಎಲ್ಲದರಲ್ಲಿ ಏಕಿಲ್ಲ? ಒಂದು ಕಾರಿಗೆ ಅಲ್ಪವಾದ ವೆಚ್ಚ ಲಕ್ಷ ಕಾರುಗಳಿಗೆ ದೊಡ್ಡ ಮೊತ್ತ. ಸುಳ್ಳು ಎಚ್ಚರಿಕೆ ಕೊಟ್ಟರೆ ಗಿರಾಕಿಯ ದೂರು. ಕೊಳ್ಳುವವನಾದರೂ ಬಣ್ಣವನ್ನು ವಿಚಾರಿಸುವಷ್ಟು ಇದನ್ನು ವಿಚಾರಿಸುವುದಿಲ್ಲ. ಗ್ಯಾರಂಟಿ ಮುಗಿದ ಮೇಲೆ ಸುಟ್ಟ ಇಂಜಿನ್ನಿನ ನಷ್ಟ ಮಾಲಿಕನದೇ. ಆ ನಷ್ಟ ತಯಾರಕರನ್ನು ತಟ್ಟುವವರೆಗೆ, ಗುಡ್ಡವೇರುವ ಮೊದಲು, ಇಂಜಿನ್ನು ತಣ್ಣಗಿರುವಾಗಲೇ, ನೀರನ್ನು ನೋಡಿಕೊಳ್ಳುವುದು ಲೇಸು.