ಸೂತ್ರದಲ್ಲಿ ಕಾಣದ ಹದ

ಕಳೆದ ಮೇ ತಿಂಗಳಲ್ಲಿ ಕಾಪುವಿನ ತಂಗಿಯ ಮನೆಗೆ ಹೋಗಿದ್ದೆ. ಮಳೆಗಾಲ ಹಿಡಿಯುವ ಮೊದಲೇ ಲೈನ್‌ಮನ್‌ಗಳು ಕಂಬವೇರಿ ಹಳೆಯ ಪಿಂಗಾಣಿ ಇನ್ಸುಲೇಟರುಗಳನ್ನು ಬದಲಿಸುತ್ತಿದ್ದರು. ಕೆಳಗೆ ಬಿದ್ದಿದ್ದ ಒಂದು ಚೂರನ್ನು ಎತ್ತಿ ನೋಡುತ್ತಿದ್ದಂತೆ, ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಒಂದು ಉತ್ತರಪತ್ರಿಕೆ ನೆನಪಾಗಿ ಮನಸ್ಸು ಮುದುಡಿತು.

ಆಗ ನಾನು ಕಾರ್ಕಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಅಧ್ಯಾಪಕನಾಗಿದ್ದೆ. ಪಿಂಗಾಣಿಯ ವಿದ್ಯುನ್ನಿರೋಧಕ ಗುಣವು ಯಾವುದನ್ನು ಅವಲಂಬಿಸಿದೆ ಎಂದು ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಕೊಟ್ಟಿದ್ದೆ. ನಾನು ಬರೆಸಿದ್ದ ಉತ್ತರ, ‘ವಸ್ತುವಿನ ಸ್ವಭಾವವನ್ನು’ ಎಂದು. ಕುಂಬಾರರ ಮನೆಯ ಹುಡುಗನೊಬ್ಬ ಮಾತ್ರ ‘ಅದನ್ನು ಹೇಗೆ ಸುಟ್ಟಿದ್ದಾರೆ ಎಂಬುದನ್ನು’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು, ‘ಪಾಠ ಸರಿಯಾಗಿ ಓದು’ ಎಂದು ಷರಾ ಬರೆದೆ. ಹಾಗೇಕೆ ಬರೆದೆ ಎಂದು ಅವನನ್ನು ಕೇಳಲಿಲ್ಲ. ಅವನೂ ಏನೂ ಹೇಳಲಿಲ್ಲ.

ಅವನ ಉತ್ತರದಲ್ಲಿದ್ದ ಸತ್ಯವನ್ನು ತಿಳಿಯಲು ಒಂದು ತೊಟ್ಟು ಶಾಯಿ ಸಾಕಿತ್ತು. ಮಂಗಳೂರು ಹಂಚಿನ ಒಡೆದ ಅಂಚಿನ ಮೇಲೆ ಶಾಯಿ ಬಿದ್ದರೆ ಅದು ಕ್ಷಣದಲ್ಲಿ ಇಂಗಿಹೋಗುತ್ತದೆ. ಒಳ್ಳೆಯ ಇನ್ಸುಲೇಟರಿನ ಒಡೆದ ಮುಖದ ಮೇಲಾದರೆ ಇಂಗದೆ ನಿಲ್ಲುತ್ತದೆ. ಇನ್ಸುಲೇಟರಿಗೆ ಬಳಸುವುದು ಬಿಳಿ ಜೇಡಿ, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ. ತೀವ್ರ ಉರಿಯಲ್ಲಿ ಫೆಲ್ಡ್‌ಸ್ಪಾರ್ ಕರಗಿ, ಗಾಜಿನಂತಾಗಿ, ಕಣಗಳ ನಡುವಿನ ಸಂದುಗಳನ್ನು ಮುಚ್ಚುತ್ತದೆ. ಇದೇ ಮಿಶ್ರಣವನ್ನು ಅರೆಬೆಂದಿರುವಾಗಲೇ ಹೊರತೆಗೆದರೆ ರಂಧ್ರಗಳು ಉಳಿದು ತೇವವನ್ನು ಹೀರುತ್ತವೆ. ಮಿತಿಮೀರಿ ಸುಟ್ಟರೆ ಒಳಗೆ ಗುಳ್ಳೆಗಳೆದ್ದು ಊದಿಕೊಳ್ಳುತ್ತದೆ. ಸಾಮಗ್ರಿ ಅದೇ ಆದರೂ ಇವೆರಡೂ ಕಂಬಕ್ಕೆ ಯೋಗ್ಯವಲ್ಲ. ಮೈಸೂರು ಸಂಸ್ಥಾನವು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ, ಮುಂದೆ ಬಿ.ಎಚ್.ಇ.ಎಲ್. ಸಂಸ್ಥೆಯ ಭಾಗವಾದ ಪಿಂಗಾಣಿ ಕಾರ್ಖಾನೆಯ ಪರಿಣತಿಯಿದ್ದುದೂ ಈ ಹದವನ್ನು ಸಾಧಿಸುವುದರಲ್ಲಿಯೇ.

ಉಡುಪಿಗೆ ಮರಳಿದ ಮೇಲೆ, ಮಣಿಪಾಲದಲ್ಲಿ ಎಂ.ಟೆಕ್. ಓದುತ್ತಿರುವ ನನ್ನ ತಮ್ಮನ ಮಗಳಿಗೆ ಇದನ್ನು ಹೇಳಿದೆ. ಅವಳು ತನ್ನ ಕಂಪ್ಯೂಟರಿನಲ್ಲಿ ಒಂದು ನಕ್ಷೆಯನ್ನು ತೆರೆದು ತೋರಿಸಿದಳು. ಅದು ಬೇರಿಯಂ ಟೈಟನೇಟಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ರಷ್ಯಾ, ಜಪಾನುಗಳಲ್ಲಿ ಪ್ರತ್ಯೇಕವಾಗಿ ಗುರುತಿಸಲ್ಪಟ್ಟ ವಸ್ತು. ಎರಡು ಲೋಹದ ತಗಡುಗಳ ನಡುವೆ ಇದರ ಬಿಲ್ಲೆಯನ್ನಿಟ್ಟರೆ, ಬರಿಯ ನಿರ್ವಾತವಿದ್ದಾಗ ಹಿಡಿಯುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ವಿದ್ಯುದಾವೇಶ ಹಿಡಿಯುತ್ತದೆ. ಎಷ್ಟು ಪಟ್ಟು ಎಂಬ ಸಂಖ್ಯೆಗೆ ಡೈಎಲೆಕ್ಟ್ರಿಕ್ ಸ್ಥಿರಾಂಕವೆಂದು ಹೆಸರು. ಆ ‘ಸ್ಥಿರ’ ಎಂಬ ಶಬ್ದವೇ ನಮ್ಮನ್ನು ದಾರಿ ತಪ್ಪಿಸುತ್ತದೆ.

ಏಕೆಂದರೆ, ಬಿಲ್ಲೆಯೊಳಗಿನ ಹರಳುಕಣಗಳು ಹತ್ತಾರು ಮೈಕ್ರಾನ್‌ಗಳಷ್ಟು ದಪ್ಪವಿದ್ದರೆ ಸಾಮಾನ್ಯ ಉಷ್ಣತೆಯಲ್ಲಿ ಈ ಸಂಖ್ಯೆ ಸುಮಾರು 1500ರಿಂದ 2000. ಕಣಗಳು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ಇದ್ದರೆ ಅದು 5000ದ ಸಮೀಪಕ್ಕೇರುತ್ತದೆ. ಇನ್ನೂ ಸಣ್ಣದಾದರೆ ಮತ್ತೆ ಇಳಿಯುತ್ತದೆ. ಪ್ರತಿ ಕಣದೊಳಗೂ ಬೇರೆ ಬೇರೆ ದಿಕ್ಕಿಗೆ ಧ್ರುವೀಕರಣಗೊಂಡ ವಲಯಗಳಿವೆ. ಕಣ ಕಿರಿದಾದಂತೆ ಈ ವಲಯಗಳೂ ಕಿರಿದಾಗಿ, ಅವುಗಳ ನಡುವಿನ ಗೋಡೆಗಳು ಹೆಚ್ಚುತ್ತವೆ. ಆ ಗೋಡೆಗಳು ವಿದ್ಯುತ್ ಕ್ಷೇತ್ರಕ್ಕೆ ಮಿಡಿಯುವುದರಿಂದ ಸಂಖ್ಯೆ ಏರುತ್ತದೆ. ಕಣ ತೀರಾ ಕಿರಿದಾದಾಗ, ಅಷ್ಟಾಗಿ ಮಿಡಿಯದ ಅಂಚುಗಳ ಪಾಲೇ ದೊಡ್ಡದಾಗುತ್ತದೆ. ಕಣದ ಗಾತ್ರವನ್ನು ನಿರ್ಧರಿಸುವುದು ಪುಡಿಯ ನುಣುಪು, ಕುಲುಮೆಯ ಉರಿ ಮತ್ತು ಉರಿಯಲ್ಲಿಟ್ಟ ಅವಧಿ. ನಮ್ಮ ಮೊಬೈಲಿನಲ್ಲಿರುವ ನೂರಾರು ಪುಟ್ಟ ಕೆಪಾಸಿಟರುಗಳ ತಯಾರಿಕೆ ನಿಂತಿರುವುದು ಈ ಹದದ ಮೇಲೆಯೇ.

“ದೊಡ್ಡಪ್ಪಾ, ಆ ಹುಡುಗನಿಗೆ ಅಂಕ ಕೊಡಬೇಕಿತ್ತು” ಎಂದು ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ನಾವು ಮಕ್ಕಳಿಗೆ ವಸ್ತುವಿನ ಹೆಸರು, ಸೂತ್ರ, ಕೋಷ್ಟಕದ ಸಂಖ್ಯೆ ಇಷ್ಟನ್ನೇ ವಿಜ್ಞಾನವೆಂದು ಕಲಿಸುತ್ತೇವೆ. ಆ ವಸ್ತುವನ್ನು ಅರೆದು, ಸೋಸಿ, ಒಣಗಿಸಿ, ಸುಟ್ಟವರ ತಿಳಿವಳಿಕೆಯನ್ನು ಕಸುಬು ಎಂದು ಹೊರಗಿಡುತ್ತೇವೆ. ಇದರಿಂದ ನಷ್ಟ ಇಬ್ಬರಿಗೂ. ಕುಂಬಾರರ ಮಗುವಿಗೆ ತನ್ನ ಮನೆಯ ಅರಿವು ಶಾಲೆಯಲ್ಲಿ ಬೆಲೆಯಿಲ್ಲದ್ದೆಂದು ತೋರುತ್ತದೆ. ಉಳಿದ ಮಕ್ಕಳು ಸೂತ್ರ ಬಲ್ಲವರಾಗುತ್ತಾರೆಯೇ ಹೊರತು ವಸ್ತುವನ್ನು ಬಲ್ಲವರಾಗುವುದಿಲ್ಲ.

ಪಾಠ ಮುಗಿಸಲೇ ಸಮಯವಿಲ್ಲ, ಮೌಲ್ಯಮಾಪನಕ್ಕೆ ಒಂದೇ ಮಾದರಿ ಉತ್ತರ ಬೇಕು ಎಂದು ಸಹೋದ್ಯೋಗಿ ಮಿತ್ರರು ಹೇಳಿಯಾರು. ನಾನೂ ಮೂರು ದಶಕ ಅದನ್ನೇ ಹೇಳಿದವನು. ಆದರೆ ನಾನು ಕೇಳುವುದು ಒಂದೇ ಒಂದು ಪಿರಿಯಡ್: ಒಂದು ಹಂಚಿನ ಚೂರು, ಒಡೆದ ಪಿಂಗಾಣಿ ಕಪ್ಪು, ಒಂದು ಬಾಟಲಿ ಶಾಯಿ. ಊರಿನಲ್ಲಿ ಮಡಕೆ ಮಾಡುವವರಿದ್ದರೆ ಅವರನ್ನು ತರಗತಿಗೆ ಕರೆದು, ಗೌರವದಿಂದ ಕುಳ್ಳಿರಿಸಿ, ಬೇಯದ ಮಡಕೆಯನ್ನು ಹೇಗೆ ಗುರುತಿಸುತ್ತೀರೆಂದು ಮಕ್ಕಳ ಮುಂದೆ ಕೇಳಬೇಕು. ಮಾದರಿಗಿಂತ ಭಿನ್ನವಾದ ಉತ್ತರ ಕಂಡಾಗ, ಅಡ್ಡಗೆರೆ ಎಳೆಯುವ ಮುನ್ನ ಬರೆದವನನ್ನೊಮ್ಮೆ ವಿಚಾರಿಸಬೇಕು.

ಆ ಹುಡುಗ ಹತ್ತನೆಯ ತರಗತಿಯ ಬಳಿಕ ಮುಂಬಯಿಗೆ ಹೋಗಿ ಹೋಟೆಲು ಕೆಲಸ ಹಿಡಿದನೆಂದು ಕೇಳಿದ್ದೆ. ನನ್ನ ಒಂದು ಅಂಕದಿಂದ ಹಾಗಾಯಿತೆಂದು ನಾನು ಹೇಳುತ್ತಿಲ್ಲ. ಆದರೂ ಅವನ ಉತ್ತರ ಸರಿಯಾಗಿತ್ತು. ಅದನ್ನು ಅವನಿಗೆ ಹೇಳಬೇಕಾದವನು ನಾನು, ಹೇಳಲಿಲ್ಲ. ಕಾಪುವಿನಿಂದ ತಂದ ಚೂರು ಈಗ ನನ್ನ ಮೇಜಿನ ಮೇಲಿದೆ.