ಕೊರೊನಾಡೊ ಹೋಟೆಲೂ ಜೀರ್ಣೋದ್ಧಾರವೂ

ಹಳೆಯ ಕಟ್ಟಡವನ್ನು ಕೆಡವಿ, ಅದರ ಸ್ಥಳದಲ್ಲಿ ಬೇರೊಂದನ್ನು ಎಬ್ಬಿಸಿ, ಅದಕ್ಕೆ ನವೀಕರಣವೆಂದು ಹೆಸರಿಡುವ ಚಪಲವು ಈಚೆಗೆ ಎಲ್ಲ ದೇಶಗಳಲ್ಲಿಯೂ ಬಲವಾಗಿದೆ. ಜೀರ್ಣೋದ್ಧಾರವೆಂಬ ಶಬ್ದದ ಅರ್ಥವಾದರೋ ಜೀರ್ಣವಾದುದನ್ನು ಮೇಲೆತ್ತುವುದೆಂದು. ಎತ್ತಬೇಕಾದ ವಸ್ತುವೇ ನಾಶವಾದ ಮೇಲೆ ಉದ್ಧಾರವು ಯಾರಿಗೆ? ಇದು ವೈಯಾಕರಣರ ಹಟಮಾತ್ರವಲ್ಲವೆಂಬುದಕ್ಕೆ ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಸಾನ್ ಡಿಯೇಗೊ ನಗರದ ಸಮೀಪ, ಪೆಸಿಫಿಕ್ ಸಾಗರದ ದಡದಲ್ಲಿ ನಿಂತಿರುವ ಹೋಟೆಲ್ ಡೆಲ್ ಕೊರೊನಾಡೊ ಸಾಕ್ಷಿಯಾಗಿದೆ.

ಎಲೈಷಾ ಬ್ಯಾಬ್‌ಕಾಕ್, ಹ್ಯಾಂಪ್ಟನ್ ಸ್ಟೋರಿ ಎಂಬ ಇಬ್ಬರು ವರ್ತಕರ ಸಂಕಲ್ಪದಿಂದಲೂ ರೀಡ್ ಸಹೋದರರ ಶಿಲ್ಪಜ್ಞಾನದಿಂದಲೂ ೧೮೮೭ರ ಮಾರ್ಚಿಯಲ್ಲಿ ಆರಂಭವಾದ ಈ ಮರದ ಮಹಾಭವನವು ಒಂದು ವರ್ಷ ತುಂಬುವುದಕ್ಕೆ ಮೊದಲೇ, ೧೮೮೮ರ ಫೆಬ್ರವರಿಯಲ್ಲಿ, ಅತಿಥಿಗಳಿಗೆ ಬಾಗಿಲು ತೆರೆಯಿತು. ೧೯೬೩ರಲ್ಲಿ ಇದನ್ನು ಕೊಂಡ ಲ್ಯಾರಿ ಲಾರೆನ್ಸನಿಗೆ ಮೊದಲು ಇದನ್ನು ಕೆಡವುವ ಆಲೋಚನೆಯೇ ಇದ್ದಿತು. ಆಮೇಲೆ ಮನಸ್ಸನ್ನು ಬದಲಿಸಿ ಅವನೇ ಇದರ ರಕ್ಷಕನಾದನು. ೧೯೭೭ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಪರಿಗಣಿತವಾಯಿತು. ೨೦೧೯ರಿಂದ ೨೦೨೫ರವರೆಗೆ ಸುಮಾರು ೫೫ ಕೋಟಿ ಡಾಲರುಗಳ ವೆಚ್ಚದಲ್ಲಿ ನಡೆದ ಕಾರ್ಯದಲ್ಲಿ, ಕಾಲಾಂತರದಲ್ಲಿ ಲೋಪವಾಗಿದ್ದ ಮುಂಭಾಗದ ಜಗುಲಿಯೂ ಬಣ್ಣದ ಗಾಜಿನ ಕಿಟಕಿಗಳೂ ಪುನಃ ಕಾಣಿಸಿಕೊಂಡುವು.

ಇಲ್ಲಿ ಪೂರ್ವಪಕ್ಷವು ಹೀಗೆ: ಮರಕ್ಕೆ ಬೆಂಕಿಯ ಭಯವುಂಟು, ಗೆದ್ದಲಿನ ಭಯವುಂಟು, ಕಡಲಿನ ಉಪ್ಪುಗಾಳಿಯಂತೂ ಹಗಲಿರುಳೂ ತಪ್ಪದು, ಇಷ್ಟು ದ್ರವ್ಯದಿಂದ ಭದ್ರವಾದ ಹೊಸ ಸೌಧವನ್ನೇ ಕಟ್ಟಬಹುದಾಗಿತ್ತು. ಕಟ್ಟಬಹುದಾಗಿತ್ತು, ನಿಜ. ಆದರೆ ಅಂತಹ ಸೌಧವನ್ನು ಯಾವ ಕಡಲತೀರದಲ್ಲಾದರೂ ಕಟ್ಟಬಹುದು. ಅದಕ್ಕಾಗಿ ಕೊರೊನಾಡೊವಿಗೆ ಯಾರು ಬರಬೇಕು? ಧನವು ಹೊಸ ತೊಲೆಯನ್ನು ತರಬಲ್ಲದು, ನೂರಮೂವತ್ತು ವರ್ಷಗಳನ್ನು ತರಲಾರದು. ಲಾಭವನ್ನೇ ಎಣಿಸುವ ವಣಿಜನಿಗೂ ಇದು ತಿಳಿದಿರುವಾಗ ವಿದ್ಯಾವಂತರು ತಿಳಿಯದಿರುವುದು ಶೋಚನೀಯ.

ಮರದ ಉದ್ಧಾರದೊಡನೆ ಚರಿತ್ರೆಯ ಉದ್ಧಾರವೂ ಆಗಬೇಕು. ಎಡಿಸನ್ ಪಂಡಿತನೇ ಬಂದು ಇಲ್ಲಿಯ ವಿದ್ಯುದ್ದೀಪಗಳನ್ನು ಬೆಳಗಿಸಿದನೆಂದು ಜನರು ಹೇಳುವುದುಂಟು. ಆ ಕೆಲಸವನ್ನು ಮಾಡಿದುದು ಮೇದರ್ ಎಂಬ ವಿದ್ಯುತ್ ಕಂಪೆನಿ. ೧೯೨೦ರಲ್ಲಿ ಇಲ್ಲಿಗೆ ಬಂದ ಆಂಗ್ಲ ಯುವರಾಜ ಎಡ್ವರ್ಡನು, ಮುಂದೆ ಯಾರಿಗಾಗಿ ೧೯೩೬ರಲ್ಲಿ ಸಿಂಹಾಸನವನ್ನು ತ್ಯಜಿಸಿದನೋ ಆ ಸ್ತ್ರೀಯನ್ನು ಇಲ್ಲಿಯೇ ಕಂಡನೆಂಬ ಕಥೆಯೂ ಪ್ರಚಲಿತವಾಗಿದೆ. ಆ ದಂಪತಿಗಳು ತಮ್ಮ ಮೊದಲ ಪರಿಚಯವು ಬಹುಕಾಲದ ಮೇಲೆ ಇಂಗ್ಲೆಂಡಿನಲ್ಲಾಯಿತೆಂದು ಬರೆದಿಟ್ಟಿದ್ದರೂ ಕಥೆಯು ಸಾಯಲಿಲ್ಲ.

ಅರಸನನ್ನೂ ವಿಜ್ಞಾನಿಯನ್ನೂ ಬಲಾತ್ಕಾರವಾಗಿ ಎಳೆತರುವ ಈ ನಾಲಗೆಗಳು, ಕಟ್ಟಿದವರ ವಿಷಯದಲ್ಲಿ ಮೌನವ್ರತವನ್ನು ಹಿಡಿಯುತ್ತವೆ. ಈ ಭವನಕ್ಕೆ ದುಡಿದವರಲ್ಲಿ ಚೀನದ ಕೂಲಿಗಳು ಅನೇಕರಿದ್ದರು. ಅವರ ದೇಶದ ಶ್ರಮಿಕರು ಅಮೆರಿಕೆಯನ್ನು ಪ್ರವೇಶಿಸಕೂಡದೆಂದು ೧೮೮೨ರಲ್ಲಿಯೇ ಶಾಸನವಾಗಿದ್ದಿತು. ಯಾರ ಬಂಧುಗಳಿಗೆ ದೇಶದ ಬಾಗಿಲು ಮುಚ್ಚಿತ್ತೋ ಅವರ ಕೈಗಳೇ ಈ ಅತಿಥಿಗೃಹಕ್ಕಾಗಿ ದುಡಿದುವು.

ಧನಿಕರ ವಿಲಾಸಮಂದಿರವು ಉಳಿದರೇನು, ಅಳಿದರೇನು ಎಂದು ಕೇಳುವವರಿಗೆ ಇದೇ ಉತ್ತರ. ಭವನದ ಒಡೆತನ ಧನಿಕರದು; ಅದರಲ್ಲಿ ನಿಂತಿರುವ ಕೌಶಲವೂ ಬೆವರೂ ಹೆಸರಿಲ್ಲದವರವು. ಕೆಡವಿದರೆ ಧನಿಕನಿಗೆ ಮತ್ತೊಂದು ಮಂದಿರವು ದೊರೆಯುತ್ತದೆ. ಹೆಸರಿಲ್ಲದವನಿಗೆ ಇದ್ದ ಒಂದೇ ಸಾಕ್ಷ್ಯವೂ ಮಣ್ಣಾಗುತ್ತದೆ.