ಮೇಲೆ ತಳುಕು, ಕೆಳಗೆ ಒಂದೇ ಪ್ಲಗ್ಗು

ಕತಾರ್‌ಗಾಮ್‌ನಲ್ಲಿ ಬಾಡಿಗೆ ಮನೆ ತೋರಿಸುವ ದಲ್ಲಾಳಿಗಳು ಅಡುಗೆಮನೆಗೆ ಬಂದ ಕೂಡಲೇ ಒಂದು ಸ್ವಿಚ್ ಒತ್ತುತ್ತಾರೆ. ಮೇಲಿನ ಕಪಾಟುಗಳ ಅಡಿಯಿಂದ ಬೆಳ್ಳನೆಯ ಬೆಳಕು ಗ್ರಾನೈಟ್ ಕಟ್ಟೆಯ ಮೇಲೆ ಹರಡುತ್ತದೆ. ನೋಡಲು ಬಂದವರ ಮುಖವೂ ಅರಳುತ್ತದೆ. ಮಿಕ್ಸಿ ಎಲ್ಲಿ ಸಿಕ್ಕಿಸುವುದು, ಇಂಡಕ್ಷನ್ ಒಲೆಗೆ ಪಾಯಿಂಟ್ ಎಲ್ಲಿದೆ ಎಂದು ಆ ಹೊತ್ತಿನಲ್ಲಿ ಕೇಳುವವರು ಕಡಿಮೆ. ಕೇಳಿದರೆ, ಫ್ರಿಜ್ಜಿಗೋ ವಾಟರ್ ಫಿಲ್ಟರಿಗೋ ಆಗಲೇ ಮೀಸಲಾದ ಮೂಲೆಯ ಪ್ಲಗ್ಗನ್ನು ತೋರಿಸಿ 'ಚಾಲ್ಶೆ' ಎನ್ನುತ್ತಾರೆ. ನಡೆಯುತ್ತೆ ಬಿಡಿ ಅಂತ. ಗುಜರಾತಿಗೆ ಬಂದ ನಾವು ಮೊದಲು ಕಲಿಯುವ ನಾಲ್ಕು ಪದಗಳಲ್ಲಿ ಇದೂ ಒಂದು. ನನ್ನ ತಕರಾರು ಈ ಪದದ ಮೇಲೆ.

ಕಪಾಟಿನಡಿಯ ದೀಪ ಬರೀ ಶೋಕಿ ಎಂದು ನಾನು ಹೇಳುತ್ತಿಲ್ಲ. ಅದು ಬೇಕು. ಇಲ್ಲಿನ ವಜ್ರದ ಕಾರ್ಖಾನೆಗಳಲ್ಲಿ ಘಂಟಿಯ ಸುತ್ತ ಕೂತು ಹರಳಿಗೆ ಹೊಳಪು ಕೊಡುವವರ ಬೆನ್ನ ಹಿಂದೆ ಯಾರಾದರೂ ದೀಪ ಇಡುತ್ತಾರೆಯೇ? ಕೈಯಿದ್ದಲ್ಲಿ ಬೆಳಕಿರಬೇಕೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅದೇ ಊರಿನ ಅಡುಗೆಮನೆಗಳಲ್ಲಿ ಟ್ಯೂಬ್‌ಲೈಟ್ ಮಾತ್ರ ಬೆನ್ನ ಹಿಂದಿನ ಗೋಡೆಯ ಮೇಲೆ. ಈರುಳ್ಳಿ ಹೆಚ್ಚುವವರ ನೆರಳು ಅವರ ಬೆರಳುಗಳ ಮೇಲೇ. ಹಾಗಾಗಿ ಎಲ್‌ಇಡಿ ಪಟ್ಟಿ ಬರಲಿ. ಅದು ಎಲ್ಲಿಂದ ಕರೆಂಟು ಎಳೆದುಕೊಂಡು ಬರುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ಬಗ್ಗಿ ನೋಡೋಣ.

ಪಟ್ಟಿ ಸಾಮಾನ್ಯವಾಗಿ 12 ವೋಲ್ಟಿನದು, ಅದನ್ನು ಮುಟ್ಟಿದರೆ ಅಪಾಯವಿಲ್ಲ. ಅದನ್ನು ಉರಿಸುವ ಡ್ರೈವರ್ ಡಬ್ಬಿಗೆ ಹೋಗುವುದು ಮಾತ್ರ 230 ವೋಲ್ಟ್. ಟೈಲ್ಸ್ ಅಂಟಿಸುವ ಮೊದಲೇ ಯೋಚಿಸಿ ಪೈಪು ಹಾಕಿದ್ದರೆ ಸರಿ. ಹಾಕಿರದಿದ್ದರೆ ಕಪಾಟು ಕೂರಿಸಲು ಬಂದ ಬಡಗಿಯೇ (ಎಲೆಕ್ಟ್ರಿಷಿಯನ್ ಅಲ್ಲ, ಬಡಗಿ) ಹತ್ತಿರದ ಪ್ಲಗ್ಗಿನಿಂದ ತಂತಿ ಎಳೆದು, ಎರಡು ತುದಿ ಹೊಸೆದು, ಟೇಪು ಸುತ್ತಿ, ಪ್ಲೈವುಡ್ಡಿನ ಹಿಂದಕ್ಕೆ ತಳ್ಳುತ್ತಾನೆ. ಡ್ರೈವರ್ ಒಲೆಯ ನೆತ್ತಿಯ ಮೇಲಿನ ಕಪಾಟಿನ ಬೆನ್ನಿಗೆ ಬೀಳುತ್ತದೆ. ಕೆಳಗಿನಿಂದ ದಿನಾ ಒಗ್ಗರಣೆಯ ಹೊಗೆ, ಎಣ್ಣೆಯ ಆವಿ, ಬಿಸಿ. ಟೇಪಿನ ಅಂಟು ಎಷ್ಟು ದಿನ ತಡೆದೀತು? ಕೆಟ್ಟಾಗ ನೋಡಬೇಕೆಂದರೆ ಕಪಾಟನ್ನೇ ಕಳಚಬೇಕು. ದೀಪಕ್ಕೆ ಸ್ವಿಚ್‌ಬೋರ್ಡಿನಿಂದಲೇ ಬೇರೆ ಪಾಯಿಂಟ್, ಜೋಡಣೆಗೆ ಮುಚ್ಚಳವಿರುವ ಡಬ್ಬಿ, ಡ್ರೈವರ್‌ಗೆ ಒಲೆಯಿಂದ ದೂರದ, ಗಾಳಿಯಾಡುವ, ಕೈಗೆ ಸಿಗುವ ಜಾಗ. ಕೇಳಬೇಕಾದ್ದು ಇಷ್ಟೇ. ಜಿಡ್ಡು ಒರೆಸಲು ಬರುವಂತೆ ಪಟ್ಟಿಗೊಂದು ಅಲ್ಯೂಮಿನಿಯಂ ಚಾನೆಲ್ ಇದ್ದರೆ ಇನ್ನೂ ಒಳ್ಳೆಯದು.

ಪ್ಲಗ್ಗಿನ ಕತೆ ಇದಕ್ಕಿಂತ ಕೆಟ್ಟದು. ನಮ್ಮ ಸಣ್ಣ ಪ್ಲಗ್ 6 ಆಂಪಿಯರ್‌ನದು. 230 ವೋಲ್ಟಿಗೆ ಅದು ಹೊರಬಲ್ಲದ್ದು 1,380 ವಾಟ್. ದೊಡ್ಡದು 16 ಆಂಪಿಯರ್, ಅಂದರೆ 3,680 ವಾಟ್. 2,000 ವಾಟ್‌ನ ಇಂಡಕ್ಷನ್ ಒಲೆ ಪೂರ್ತಿ ಶಾಖದಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದೊಡ್ಡ ಪಾಯಿಂಟ್ ಇಲ್ಲದಲ್ಲಿ ನಾವೇನು ಮಾಡುತ್ತೇವೆ? ಬೀದಿ ಅಂಗಡಿಯಿಂದ ಕನ್ವರ್ಟರ್ ತಂದು ಸಣ್ಣದಕ್ಕೇ ತುರುಕುತ್ತೇವೆ. ಕನ್ವರ್ಟರ್‌ನಿಂದ ಪಿನ್ನಿನ ಗಾತ್ರ ಬದಲಾಯಿತು, ಗೋಡೆಯೊಳಗಿನ ತಂತಿ ದಪ್ಪವಾಗಲಿಲ್ಲ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6 ಹರಿಯಬೇಕಾದಲ್ಲಿ 8.7 ಹರಿದರೆ ಪ್ಲಗ್ಗಿನ ಬಾಯಲ್ಲಿ ಶಾಖ ದುಪ್ಪಟ್ಟು. ಸಾಕೆಟ್ಟಿನ ಸುತ್ತ ಕಂದುಗಟ್ಟಿರುವ ಪ್ಲಾಸ್ಟಿಕ್ಕನ್ನು ನಮ್ಮಲ್ಲಿ ನೋಡದವರಿಲ್ಲ. 'ಹಳೇದು' ಎಂದುಕೊಂಡು ಸುಮ್ಮನಿರುತ್ತೇವೆ.

ಇದರ ಜೊತೆಗೆ ಗುಜರಾತಿ ಮನೆಗಳ ಘರಘಂಟಿ, ಮನೆಯಲ್ಲೇ ಹಿಟ್ಟು ಬೀಸುವ ಯಂತ್ರ. ರಾಗಿಗೆ ಅನುಕೂಲವೆಂದು ನಮ್ಮವರೂ ಕೊಂಡಿದ್ದಾರೆ, ಒಳ್ಳೆಯದೇ. ಅದರ 1 ಅಶ್ವಶಕ್ತಿಯ ಮೋಟರ್ ತಿರುಗಲು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಪಕ್ಕದಲ್ಲಿ ದೋಸೆ ಹಿಟ್ಟಿನ ಗ್ರೈಂಡರ್, ಅದರಾಚೆ ಕೆಟಲ್. ಎರಡು ರಾಜ್ಯಗಳ ಅಡುಗೆ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲೆ, ಅದೂ ಸಿಂಕಿನ ಪಕ್ಕ.

ಎಂಸಿಬಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಎಂಸಿಬಿ ಇರುವುದು ತಂತಿಯನ್ನು ಕಾಯಲು, ನಿಮ್ಮನ್ನಲ್ಲ. ಒದ್ದೆ ಕೈಯಲ್ಲಿ ಅರ್ಥಿಂಗ್ ಇಲ್ಲದ ಗ್ರೈಂಡರ್ ಮುಟ್ಟಿ, ಮೈಯೊಳಗಿಂದ 0.1 ಆಂಪಿಯರ್ ನೆಲಕ್ಕಿಳಿದರೂ ಪ್ರಾಣ ಹೋಗಬಹುದು. 16 ಆಂಪಿಯರ್‌ನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಆರ್‌ಸಿಸಿಬಿಗೆ. ಮನೆಗಳಿಗೆ ಹಾಕುವಂಥದ್ದು 30 ಮಿಲಿ ಆಂಪಿಯರ್, ಅಂದರೆ 0.03 ಸೋರಿದರೆ ಕಡಿದುಹಾಕುತ್ತದೆ. ತೀರಾ ಸಣ್ಣ ಸಂಪರ್ಕಗಳನ್ನು ಬಿಟ್ಟರೆ ಉಳಿದ ಮನೆಗಳಿಗೆ ಇಂಥ ರಕ್ಷಣೆ ಇರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೇ ಹೇಳುತ್ತವೆ. ನಿಮ್ಮ ಮನೆಯ ಬೋರ್ಡಿನಲ್ಲಿ 'ಟೆಸ್ಟ್' ಎಂದು ಬರೆದ ಗುಂಡಿ ಇದೆಯೇ, ಇವತ್ತೇ ನೋಡಿ. 2019ರ ಮೇ 24ರಂದು ಇದೇ ಸೂರತ್‌ನ ಸರಥಾಣಾದ ತಕ್ಷಶಿಲಾ ಆರ್ಕೇಡ್‌ನಲ್ಲಿ ಬೆಂಕಿ ಬಿದ್ದು 22 ಎಳೆಯ ಜೀವಗಳು ಹೋದವು. ಆಮೇಲೆ ಟ್ಯೂಷನ್ ಕ್ಲಾಸುಗಳಿಗೆ ಬೀಗ ಬಿತ್ತು, ತಪಾಸಣೆ ನಡೆಯಿತು. ತಂತಮ್ಮ ಮನೆಯ ಬೋರ್ಡು ತೆರೆದು ನೋಡಿದವರೆಷ್ಟು ಮಂದಿ?

ಇದು ಬಡತನದ ಸಮಸ್ಯೆಯಲ್ಲ. ನಕ್ಷೆ ಬರೆಯುವವರು ಅಡುಗೆ ಮಾಡುವವರನ್ನು ಕೇಳದಿರುವ ಸಮಸ್ಯೆ. ನಾವು ಇಂದಿಗೂ ಬಳಸುವ ದುಂಡು ಪಿನ್ನಿನ ಪ್ಲಗ್ಗಿನ ಮೂಲ ಬ್ರಿಟನ್ನಿನ 1934ರ ಮಾನಕ. ಬ್ರಿಟನ್ ತಾನು 1947ರಲ್ಲಿ ಹೊಸ ಪ್ಲಗ್ ತಂದಿತು: ಒಳಗೇ ಫ್ಯೂಸ್, ಸಾಕೆಟ್ಟಿನ ತೂತುಗಳಿಗೆ ಮುಚ್ಚಳ. ಅದಕ್ಕೆ ದಾರಿ ಮಾಡಿದ ಯುದ್ಧಕಾಲದ ಸಮಿತಿಯಲ್ಲಿದ್ದ ಒಬ್ಬಳೇ ಹೆಣ್ಣು ಕ್ಯಾರೋಲಿನ್ ಹ್ಯಾಸ್ಲೆಟ್. ಮನೆಗೆಲಸ ಮಾಡುವ ಹೆಂಗಸರ ಕಡೆಯಿಂದ ವಿದ್ಯುತ್ತನ್ನು ನೋಡಿದವಳು ಆಕೆ. ಅಮೆರಿಕದ ಸಂಹಿತೆಯಲ್ಲಿ ಅಡುಗೆ ಕಟ್ಟೆಯ ಗೋಡೆಯುದ್ದಕ್ಕೂ ಯಾವ ಜಾಗವೂ ಪ್ಲಗ್ಗಿನಿಂದ 24 ಅಂಗುಲಕ್ಕಿಂತ ದೂರ ಇರುವಂತಿಲ್ಲ. ಅಲ್ಲಿಂದ ರಜೆಗೆ ಬರುವ ಅಕ್ಕ-ಭಾವಂದಿರಿಗೆ ನಾವು ಎಲ್‌ಇಡಿ ಬೆಳಕು ತೋರಿಸುತ್ತೇವೆ.

'ನಮಗ್ಯಾಕೆ, ಬಾಡಿಗೆ ಮನೆ ತಾನೇ' ಎಂಬ ಉತ್ತರ ನನಗೆ ಗೊತ್ತು. ಕರಾರು 11 ತಿಂಗಳದು, ಆಮೇಲೆ ವಡೋದರವೋ ಅಹಮದಾಬಾದೋ. ಆದರೆ 11 ತಿಂಗಳ ಕರಾರನ್ನೇ ಎಂಟು ವರ್ಷ ನವೀಕರಿಸುತ್ತ ಕೂತ ಸಂಸಾರಗಳು ಇಲ್ಲೇ ಬೇಕಾದಷ್ಟಿವೆ. ನಾಲ್ಕು ಹುಡುಗರು ಸೇರಿ ಹಿಡಿದ ಫ್ಲಾಟಿಗೂ ಇದೇ ಮಾತು. ಕೆಟಲ್ಲಿಗೆ ನೀವು ಎಂಜಿನಿಯರಿಂಗ್ ಓದುತ್ತಿದ್ದೀರೆಂದು ಗೊತ್ತಿಲ್ಲ. ಗೋಡೆಗೆ ಮೊಳೆ ಹೊಡೆಯಬಾರದು, ಮಾಂಸ ಬೇಯಿಸಬಾರದು ಎಂದು ಮಾಲೀಕರು ಕರಾರಿನಲ್ಲಿ ಬರೆಸುತ್ತಾರೆ. ನಾವು ತಲೆಯಾಡಿಸಿ ಸಹಿ ಮಾಡುತ್ತೇವೆ. ಅದರ ಕೆಳಗೆ ಇನ್ನೆರಡು ಸಾಲು ಬರೆಸಿ: ಕಟ್ಟೆಯ ಮೇಲೆ ಅರ್ಥಿಂಗ್ ಸಹಿತ ಎರಡು 16 ಆಂಪಿಯರ್ ಪಾಯಿಂಟು, ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಖರ್ಚು ಮಾಲೀಕರದು. ಅಡ್ವಾನ್ಸ್ ಕೊಡುವುದಕ್ಕೆ ಮೊದಲು ಬರೆಸಿ. ಕೊಟ್ಟ ಮೇಲೆ 'ಚಾಲ್ಶೆ' ಎನ್ನುತ್ತಾರೆ.